ಹನ್ನೆರಡನೆಯ ಹೆಸರು

ದೆಹಲಿಯಲ್ಲಿ ನೆಲೆ ನಿಂತ ಕನ್ನಡಿಗರು ನಾಲ್ಕು ಜನ ಸೇರಿದರೆ ಮೊದಲು ಹವೆಯ ಮಾತು, ಆಮೇಲೆ ಊರಿನ ಮಾತು. ಅವೆರಡೂ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಕ್ರಿಕೆಟ್ಟಿಗೆ ಬಂದಿರುತ್ತಾರೆ. ಆರ್.ಕೆ. ಪುರಂನ ಕರ್ನಾಟಕ ಸಂಘದ ಅಂಗಳವಾಗಲಿ, ನೋಯ್ಡಾದ ಯಾವುದೋ ಅಪಾರ್ಟ್‌ಮೆಂಟಿನ ವಾಕಿಂಗ್ ದಾರಿಯಾಗಲಿ, ಮಂಜು ಇನ್ನೂ ಕರಗದ ಭಾನುವಾರದ ಬೆಳಗ್ಗೆ ಕೇಳಿಬರುವ ಪ್ರಶ್ನೆ ಒಂದೇ. ಕರ್ನಾಟಕದ ಸಾರ್ವಕಾಲಿಕ ಹನ್ನೊಂದು ಮಂದಿ ಯಾರು?

ಸುಮ್ಮನೆ ಪಟ್ಟಿ ಹೇಳಿದರೆ ಸಾಲದು. ಅದಕ್ಕೂ ಕ್ರಮವಿದೆ. ಎರಡು ಬಣ ಆಗಬೇಕು, ಟಾಸ್ ಹಾಕಬೇಕು, ಸರದಿಯ ಮೇಲೆ ಒಬ್ಬೊಬ್ಬರನ್ನೇ ಕರೆಯಬೇಕು. ಒಂದು ಬಣ ಕರೆದವರನ್ನು ಇನ್ನೊಂದು ಬಣ ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ಬೀದಿಯ ಹುಡುಗರನ್ನು ಸಾಲಾಗಿ ನಿಲ್ಲಿಸಿ ಇಬ್ಬರು ಕ್ಯಾಪ್ಟನ್‌ಗಳು ಆರಿಸಿಕೊಳ್ಳುತ್ತಿದ್ದರಲ್ಲ, ಅದೇ ಪದ್ಧತಿ. ಆರಿಸಲ್ಪಡುವವನು ರಣಜಿಯಲ್ಲಿ ಮೈಸೂರಿಗೋ ಕರ್ನಾಟಕಕ್ಕೋ ಆಡಿರಬೇಕು ಎಂಬುದೊಂದೇ ಷರತ್ತು. ಇದರಿಂದಾಗಿ ಕೊಹ್ಲಿಯನ್ನು ಬೆಂಗಳೂರಿನವನೆಂದು ಒಳಗೆ ತರಲು ಹವಣಿಸುವ ಯುವಕರಿಗೆ ನಿರಾಸೆ. ಮೊಬೈಲಿನಲ್ಲಿ ಹಣ ಕಟ್ಟಿ ತಂಡ ಕಟ್ಟುವ ಆಟಕ್ಕೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ತಡೆ ಹಾಕಿತು. ನಮ್ಮ ಆಟಕ್ಕೆ ಅಂಥ ಭಯವಿಲ್ಲ. ಸೋತವರು ಕಾಫಿ ಕೊಡಿಸಬೇಕು, ಅಷ್ಟೇ. ಸೋತವರು ಯಾರೆಂದು ಮಾತ್ರ ಇದುವರೆಗೆ ತೀರ್ಮಾನವಾಗಿಲ್ಲ.

ಮೊದಲ ಏಳೆಂಟು ಹೆಸರಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. 619 ಟೆಸ್ಟ್ ವಿಕೆಟ್‌ಗಳ ಕುಂಬ್ಳೆ, 13,288 ರನ್ನುಗಳ ದ್ರಾವಿಡ್, ಭದ್ರಾವತಿಯ ವಿಶ್ವನಾಥ್, ಪೋಲಿಯೊ ಸೋಕಿದ ಕೈಯಿಂದಲೇ 242 ವಿಕೆಟ್ ಕಿತ್ತ ಚಂದ್ರಶೇಖರ್, ಪ್ರಸನ್ನ, ಶ್ರೀನಾಥ್, ಕಿರ್ಮಾನಿ. ಇವರನ್ನು ಕರೆಯುವಾಗ ಯಾರ ದನಿಯಲ್ಲೂ ಅಳುಕು ಇರುವುದಿಲ್ಲ. ಆಟ ಶುರುವಾಗುವುದೇ ಅಲ್ಲಿಂದಾಚೆ. "ಏನ್ ಸಾರ್, 1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದ ಬಿನ್ನಿನ ಇಷ್ಟು ಹೊತ್ತು ಕಾಯಿಸೋದಾ?" ಎಂದು ಬೆಂಗಳೂರಿನವರೊಬ್ಬರು ಕೇಳುತ್ತಾರೆ. "ಸುನಿಲ್ ಜೋಶಿ ನಮ್ಮ ಗದಗಿನವ್ರು ರೀ, ಅವರನ್ನ ಬಿಡಾಕ ಬರಂಗಿಲ್ಲ" ಎಂದು ಇನ್ನೊಬ್ಬರು ಪಟ್ಟು ಹಿಡಿಯುತ್ತಾರೆ. ಕರಾವಳಿಯವರು ಇದ್ದರಂತೂ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಬಂದೇ ಬರಬೇಕು. ವಿಕೆಟ್ ಕೀಪರ್ ಆಗಿದ್ದು, ಇನಿಂಗ್ಸ್ ಆರಂಭಿಸಿ 1964ರ ಮದ್ರಾಸ್ ಟೆಸ್ಟಿನಲ್ಲಿ ಇಂಗ್ಲೆಂಡಿನ ವಿರುದ್ಧ 192 ಹೊಡೆದವರು. ಆದರೆ ಅವರು ಮೊದಲು ಆಡಿದ್ದು ರೈಲ್ವೇಸ್‌ಗೆ, ಮೈಸೂರಿಗೆ ಬಂದದ್ದು ಆಮೇಲೆ. ಅನ್ನ ಹುಡುಕಿಕೊಂಡು ಊರು ಬಿಟ್ಟವನು ಯಾವ ಊರಿನವನು ಎಂಬ ಈ ವಾದ, ನೋಯ್ಡಾದಲ್ಲಿ ಮನೆಯನ್ನೂ ಹಾಸನದಲ್ಲಿ ಮನಸ್ಸನ್ನೂ ಇಟ್ಟುಕೊಂಡವರ ನಡುವೆ ಬೇಗ ಬಗೆಹರಿಯುವುದಿಲ್ಲ.

ಸೇರಿಸಿಕೊಳ್ಳುವುದಕ್ಕಿಂತ ಬಿಡುವುದೇ ಇಲ್ಲಿನ ಕಷ್ಟದ ಕೆಲಸ. ಮದುವೆಗೆ ಕರೆಯುವವರ ಪಟ್ಟಿ ಬರೆದವರಿಗೆ ಇದು ಗೊತ್ತು. ಬರೆದ ಇನ್ನೂರು ಹೆಸರು ಮರೆತುಹೋಗುತ್ತದೆ, ಬಿಟ್ಟ ಒಂದು ಹೆಸರು ವರ್ಷಗಟ್ಟಲೆ ಚುಚ್ಚುತ್ತದೆ. ಸಾರ್ವಕಾಲಿಕ ತಂಡ ಎಂಬ ಮಾತು ದೊಡ್ಡದು, ಅದನ್ನು ಕಟ್ಟುವ ನೆನಪು ಚಿಕ್ಕದು. ಅರವತ್ತೈದು ದಾಟಿದವರ ತಂಡದಲ್ಲಿ ಟ್ರಾನ್ಸಿಸ್ಟರ್‌ನ ಕಾಮೆಂಟರಿ ಇರುತ್ತದೆ, ನಲವತ್ತರವರ ತಂಡದಲ್ಲಿ ಟಿ.ವಿ. ಇರುತ್ತದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಕಂಡವರನ್ನು ಮೀರಿಸುವವರು ಆಮೇಲೆ ಹುಟ್ಟುವುದೇ ಇಲ್ಲವೇನೋ. 2016ರಲ್ಲಿ ಚೆನ್ನೈನಲ್ಲಿ 303 ಹೊಡೆದು ಔಟಾಗದೆ ಉಳಿದ ಕರುಣ್ ನಾಯರ್ ಹೆಸರು ಬಂದರೆ ಹಿರಿಯರು "ಹ್ಞೂಂ, ಚೆನ್ನಾಗಿ ಆಡಿದ" ಎಂದು ಸುಮ್ಮನಾಗುತ್ತಾರೆ. ವಿಶ್ವನಾಥರ ಒಂದು ಸ್ಕ್ವೇರ್ ಕಟ್ ಬಗ್ಗೆ ಮಾತ್ರ ಕಾಲು ಗಂಟೆ ಮಾತಾಡುತ್ತಾರೆ.

ಇನ್ನು ತೀರಾ ಹಿಂದಿನವರ ಪಾಡು ಕೇಳುವುದೇ ಬೇಡ. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್‌ನಲ್ಲಿ ಚೆಪಾಕ್‌ನಲ್ಲಿ ನಡೆಯಿತು. ಆಡಿದ್ದು ಮದ್ರಾಸ್ ಮತ್ತು ಮೈಸೂರು. ಒಂದೇ ದಿನದಲ್ಲಿ ಪಂದ್ಯ ಮುಗಿದುಹೋಯಿತು, ಸೋತದ್ದು ನಾವು. ಆ ಹನ್ನೊಂದು ಮಂದಿಯಲ್ಲಿ ಒಬ್ಬರ ಹೆಸರನ್ನೂ ಯಾವ ಬಣವೂ ಕರೆದದ್ದನ್ನು ನಾನು ಕೇಳಿಲ್ಲ. ಸೋಲುವುದರಿಂದ ಶುರುಮಾಡಿದವರು ಅವರು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬಂದ ಋತುವಿನಲ್ಲೇ, 1973-74ರಲ್ಲಿ, ಸತತ ಹದಿನೈದು ವರ್ಷ ಟ್ರೋಫಿ ಬಿಟ್ಟುಕೊಡದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ಮಣಿಸಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಪ್ರಸನ್ನರ ತಂಡ ಮೊದಲ ಬಾರಿ ಗೆದ್ದಿತು. ನಮ್ಮ ನೆನಪಿನ ಶಕೆ ಶುರುವಾಗುವುದು ಅಲ್ಲಿಂದ. ಅದಕ್ಕೆ ಮುಂಚಿನ ನಲವತ್ತು ವರ್ಷ ಬಟ್ಟೆ ಬೆಳ್ಳಗಿಟ್ಟುಕೊಂಡು ಆಡಿ, ಸೋತು, ಆಫೀಸಿಗೆ ಮರಳಿದವರು ಲೆಕ್ಕಕ್ಕಿಲ್ಲ.

ದೆಹಲಿಯ ಕನ್ನಡಿಗರಿಗೆ ಇನ್ನೊಂದು ಋತು ನುಂಗಲಾರದ ತುತ್ತು. ಅದು 1981-82. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಎಡಗೈ ಸ್ಪಿನ್ನರ್ ರಘುರಾಮ್ ಭಟ್ ಹ್ಯಾಟ್ರಿಕ್ ಪಡೆದು ಬಾಂಬೆಯನ್ನು ಹೇಗೆ ಕಾಡಿದರೆಂದರೆ, ಎರಡನೆಯ ಇನಿಂಗ್ಸ್‌ನಲ್ಲಿ ಸಾಕ್ಷಾತ್ ಗಾವಸ್ಕರ್ ಅವರನ್ನು ಎದುರಿಸಲು ಎಡಗೈ ಬ್ಯಾಟಿಂಗ್ ಮಾಡಿದರು. ಆ ಗೆಲುವಿನ ಹುಮ್ಮಸ್ಸಿನಲ್ಲಿ ತಂಡ ಫೈನಲ್‌ಗೆಂದು ಫಿರೋಜ್ ಷಾ ಕೋಟ್ಲಾಕ್ಕೆ ಬಂತು. ಮೊದಲು ಬ್ಯಾಟ್ ಮಾಡಿ 705 ರನ್ ಪೇರಿಸಿತು. ಏಳುನೂರ ಐದು! ಇನ್ನೇನು ಬೇಕು? ಟ್ರೋಫಿಯನ್ನು ಯಾವ ರೈಲಿನಲ್ಲಿ ಒಯ್ಯುವುದೆಂದು ಯೋಚಿಸುವುದೊಂದೇ ಬಾಕಿ ಎನ್ನಿಸುವ ಮೊತ್ತ. ಮೊಹಿಂದರ್ ಅಮರನಾಥ್ 185 ಹೊಡೆದರೂ ದೆಹಲಿ 589ಕ್ಕೆ ಎಂಟು ವಿಕೆಟ್ ಕಳೆದುಕೊಂಡಿತ್ತು. ಮೊದಲ ಇನಿಂಗ್ಸ್ ಮುನ್ನಡೆಗೆ ಇನ್ನೂ 117 ರನ್ ಬೇಕು. ಆಗ ಲೆಗ್ ಸ್ಪಿನ್ನರ್ ರಾಕೇಶ್ ಶುಕ್ಲಾ ಜೊತೆಗೆ ಬಂದವರು ವೇಗದ ಬೌಲರ್ ರಾಜೇಶ್ ಪೀಟರ್. ಇಬ್ಬರೂ ಔಟಾಗಲಿಲ್ಲ. ದೆಹಲಿ 707ಕ್ಕೆ 8. ಟ್ರೋಫಿ ಇಲ್ಲೇ ಉಳಿಯಿತು.

ಈಗ ದೆಹಲಿಯವರನ್ನೇ ಕೇಳಿ ನೋಡಿ, ನಿಮ್ಮ ಸಾರ್ವಕಾಲಿಕ ತಂಡ ಯಾವುದೆಂದು. ಸೆಹ್ವಾಗ್, ಗಂಭೀರ್, ಕೊಹ್ಲಿ, ಮೊಹಿಂದರ್, ಬೇಡಿ, ಪ್ರಭಾಕರ್, ಇಶಾಂತ್ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಶುಕ್ಲಾ ಆಡಿದ್ದು ಒಂದೇ ಟೆಸ್ಟ್. ಪೀಟರ್‌ಗೆ ಅದೂ ದಕ್ಕಲಿಲ್ಲ. ಯಾವ ಲೆಕ್ಕದಿಂದ ನೋಡಿದರೂ ಪೀಟರ್ ಆ ಹನ್ನೊಂದರೊಳಗೆ ಬರುವುದಿಲ್ಲ, ಬರಲೂಬಾರದು. ಆದರೆ ಅವರಿಲ್ಲದಿದ್ದರೆ ಆ ವರ್ಷದ ಟ್ರೋಫಿಯೂ ಬರುತ್ತಿರಲಿಲ್ಲ. ನಾವು ಶ್ರೇಷ್ಠರ ಪಟ್ಟಿ ಮಾಡುವಾಗ ಕೇಳಿಕೊಳ್ಳುವುದು "ಜೀವಮಾನವಿಡೀ ಯಾರು ದೊಡ್ಡವರಾಗಿದ್ದರು" ಎಂದು. ಬದುಕು ಕೇಳುವುದು ಎಷ್ಟೋ ಸಲ ಬೇರೆಯದನ್ನು: ಆ ಮಧ್ಯಾಹ್ನ ಅಲ್ಲಿ ನಿಂತವರು ಯಾರು? ಮನೆಗಳಲ್ಲೂ ಹಾಗೆಯೇ ನೋಡಿ. ವಂಶವೃಕ್ಷದಲ್ಲಿ ಜಡ್ಜಿ, ಇಂಜಿನಿಯರು, ಜಮೀನ್ದಾರರ ಹೆಸರು ದಪ್ಪಕ್ಷರದಲ್ಲಿರುತ್ತದೆ. ಅಜ್ಜನ ಆಪರೇಷನ್ನಿನ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದೂರದ ಸಂಬಂಧಿಗೆ ಅದರಲ್ಲಿ ಕೊಂಬೆಯೇ ಇರುವುದಿಲ್ಲ.

ಅದೇ ಕೋಟ್ಲಾದಲ್ಲಿ 1999ರ ಫೆಬ್ರುವರಿ 7ರಂದು ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ಪಡೆದರು, 74 ರನ್ ಕೊಟ್ಟು. ದೆಹಲಿಯ ಕನ್ನಡಿಗರ ಮಟ್ಟಿಗೆ ಆ ಮೈದಾನದ ಹಳೆಯ ಸಾಲ ಅಂದು ತೀರಿತು. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ತುದಿಯಿಂದ ಬೌಲ್ ಮಾಡಿದವರು ಶ್ರೀನಾಥ್. ಅವರು ಚೆಂಡನ್ನು ಬೇಕೆಂದೇ ವಿಕೆಟ್‌ನಿಂದ ದೂರ ದೂರ ಹಾಕಿದರು, ಹತ್ತನೆಯದು ತಪ್ಪಿಯೂ ತಮಗೆ ಸಿಗದಿರಲೆಂದು. ವೇಗದ ಬೌಲರ್ ಒಬ್ಬನಿಗೆ ಕಲಿಸಿದ್ದೆಲ್ಲ ವಿಕೆಟ್ ತೆಗೆಯುವುದು. ಆ ಓವರಿನಲ್ಲಿ ಅವರು ಮಾಡಿದ್ದು ಅದನ್ನು ಮಾಡದಿರುವ ಕೆಲಸ. ಶ್ರೀನಾಥರ 236 ಟೆಸ್ಟ್ ವಿಕೆಟ್‌ಗಳ ಲೆಕ್ಕದಲ್ಲಿ ಆ ಓವರ್ ಏನೂ ಅಲ್ಲ. ನನ್ನ ಸರದಿ ಬಂದಾಗ ಅವರನ್ನು ಕರೆಯುವುದು ಆ ಓವರಿಗಾಗಿ.

ದೆಹಲಿಯಿಂದ ಪಶ್ಚಿಮಕ್ಕೆ ಹೊರಟರೆ ರೋಹ್ಟಕ್ ಸಿಗುತ್ತದೆ, ಈಗ ರಾಜಧಾನಿ ವಲಯಕ್ಕೇ ಸೇರಿದ ಊರು. ಎಡಗೈ ಸ್ಪಿನ್ನರ್ ರಾಜಿಂದರ್ ಗೋಯಲ್ ಬಾಳಿದ್ದು ಅಲ್ಲಿ. ರಣಜಿಯಲ್ಲಿ ಅವರಷ್ಟು ವಿಕೆಟ್ ತೆಗೆದವರು ಇನ್ನೊಬ್ಬರಿಲ್ಲ, ಆರುನೂರಕ್ಕೂ ಹೆಚ್ಚು. ಭಾರತಕ್ಕೆ ಒಂದೂ ಟೆಸ್ಟ್ ಆಡಲಿಲ್ಲ. ಕಾರಣ ಸರಳ. ಅದೇ ಕಾಲದಲ್ಲಿ, ಅದೇ ಕೈಯಲ್ಲಿ, ಅದೇ ಕೆಲಸ ಮಾಡಲು ಬಿಷನ್ ಸಿಂಗ್ ಬೇಡಿ ಇದ್ದರು. 1974ರ ನವೆಂಬರ್‌ನಲ್ಲಿ ಬೆಂಗಳೂರಿನ ಹೊಸ ಕ್ರೀಡಾಂಗಣದಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್. ಶಿಸ್ತಿನ ಕಾರಣಕ್ಕೆ ಬೇಡಿಯನ್ನು ಕೈಬಿಟ್ಟು ಗೋಯಲ್‌ಗೆ ಕರೆ ಕಳಿಸಿದರು. ಬಂದರು. ಪಂದ್ಯದ ಬೆಳಗ್ಗೆ ಹನ್ನೊಂದು ಜನರ ಹೆಸರು ಹೊರಬಿದ್ದಾಗ ಅದರಲ್ಲಿ ಅವರಿರಲಿಲ್ಲ. ಸ್ಪಿನ್ ಹಾಕಿದವರು ವೆಂಕಟರಾಘವನ್, ಪ್ರಸನ್ನ, ಚಂದ್ರಶೇಖರ್. ನಮ್ಮವರಿಬ್ಬರು ತವರಿನಲ್ಲಿ ಆಡಿದರೆಂದು ಬೆಂಗಳೂರು ಸಂತೋಷಪಟ್ಟ ಆ ಬೆಳಗೇ ರೋಹ್ಟಕ್‌ನ ಒಬ್ಬನಿಗೆ ಬಾಗಿಲು ಮುಚ್ಚಿದ ಬೆಳಗು. ಆಮೇಲೆ ಅವರಿಗೆ ಕರೆ ಬರಲೇ ಇಲ್ಲ. ಅವರು ಅದನ್ನು ದೂರಾಗಿ ಹೇಳಿಕೊಂಡು ತಿರುಗಲಿಲ್ಲ, ಬೇಡಿಯ ಮೇಲೆ ಹಗೆ ಸಾಧಿಸಲಿಲ್ಲ. ವರ್ಷಗಟ್ಟಲೆ ಸಣ್ಣಪುಟ್ಟ ಮೈದಾನಗಳಲ್ಲಿ ಹರಿಯಾಣಕ್ಕೆ ಬೌಲ್ ಮಾಡುತ್ತಲೇ ಹೋದರು.

ಗಾವಸ್ಕರ್ ತಮಗೆ ಮೆಚ್ಚಿಗೆಯಾದ ಆಟಗಾರರ ಬಗ್ಗೆ 'ಐಡಲ್ಸ್' ಎಂಬ ಪುಸ್ತಕ ಬರೆದಾಗ ಲೋಕಪ್ರಸಿದ್ಧರ ನಡುವೆ ಗೋಯಲ್‌ಗೂ, ಟೆಸ್ಟ್ ಭಾಗ್ಯವಿಲ್ಲದ ಬಾಂಬೆಯ ಇನ್ನೊಬ್ಬ ಎಡಗೈ ಸ್ಪಿನ್ನರ್ ಪದ್ಮಾಕರ ಶಿವಾಲ್ಕರ್‌ಗೂ ಜಾಗ ಕೊಟ್ಟರು. ಎದುರು ನಿಂತು ಆಡಿದವನ ಪಟ್ಟಿ ಅದು. ಹಾಗಾಗಿ ನಮ್ಮ ಪಟ್ಟಿಗಳಿಗಿಂತ ನ್ಯಾಯವಾದದ್ದು. 2017ರಲ್ಲಿ ಕ್ರಿಕೆಟ್ ಮಂಡಳಿ ಬೆಂಗಳೂರಿನ ಸಮಾರಂಭದಲ್ಲಿ ಇಬ್ಬರಿಗೂ ಸಿ.ಕೆ. ನಾಯ್ಡು ಪ್ರಶಸ್ತಿ ಕೊಟ್ಟಿತು. ಅದೇ ಸಂದರ್ಭದಲ್ಲಿ ಮಹಿಳೆಯರಿಗೆಂದು ಮೊದಲ ಬಾರಿ ಇಟ್ಟ ಜೀವಮಾನ ಸಾಧನೆಯ ಗೌರವ ನಮ್ಮ ಶಾಂತಾ ರಂಗಸ್ವಾಮಿಯವರಿಗೆ ಸಂದಿತು. 1976ರಲ್ಲಿ ಪಟ್ನಾದಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಗೆದ್ದಾಗ ನಾಯಕಿ ಅವರೇ. ನಮ್ಮ ಭಾನುವಾರದ ಆಟದಲ್ಲಿ ಅವರ ಹೆಸರು ಬರುವುದಿಲ್ಲ. ಷರತ್ತನ್ನು ಬರೆದುಕೊಂಡವರು ನಾವೇ ತಾನೇ? ರಣಜಿ ಎಂಬ ಒಂದೇ ಪದಕ್ಕೆ ಅರ್ಧ ಕರ್ನಾಟಕವನ್ನು ಹೊರಗಿಟ್ಟು, ಉಳಿದ ಅರ್ಧದಲ್ಲಿ ನ್ಯಾಯಕ್ಕಾಗಿ ಹೊಡೆದಾಡುತ್ತೇವೆ.

ಗೋಯಲ್ ಕಥೆ ಹರಿಯಾಣದ್ದು ಎಂದು ಮರುಗಿ ಮುಂದೆ ಹೋಗುವಂತಿಲ್ಲ, ನಮ್ಮಲ್ಲೂ ಒಬ್ಬರಿದ್ದರು. ಬಿ. ವಿಜಯಕೃಷ್ಣ. ಎಡಗೈ ಸ್ಪಿನ್ನರ್, ಎಡಗೈ ಬ್ಯಾಟ್ಸ್‌ಮನ್, ಬಾಂಬೆಯ ಕೋಟೆ ಒಡೆದ 1973-74ರ ತಂಡದಲ್ಲಿ ಇದ್ದವರು. ಅವರಿಗೂ ಎದುರಿದ್ದದ್ದು ಅದೇ ಬೇಡಿಯ ಕಾಲ. ಭಾರತಕ್ಕೆ ಆಡದೆಯೇ 1999ರಲ್ಲಿ, ಐವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಅವರ ಆಟ ಕಂಡ ಹಿರಿಯರು ಇವತ್ತಿಗೂ ವಿಜಿ ಎಂದೇ ಕರೆಯುತ್ತಾರೆ, ಮನೆಯವರೊಬ್ಬರನ್ನು ಕರೆದ ಹಾಗೆ. ಅವರನ್ನು ಕಾಣದ ನಮ್ಮಂಥವರು ದಾಖಲೆ ತೆರೆದು ಟೆಸ್ಟ್ ಎಂಬ ಕಾಲಂನಲ್ಲಿ ಸೊನ್ನೆ ನೋಡಿ ಮುಂದಿನ ಹೆಸರಿಗೆ ಹೋಗುತ್ತೇವೆ.

ಈ ಭಾನುವಾರ ನೀವೂ ಎಲ್ಲಾದರೂ ತಂಡ ಕಟ್ಟಲು ಕೂತರೆ ಹನ್ನೊಂದು ಮಂದಿಯನ್ನು ನಿಮ್ಮಿಷ್ಟದಂತೆ ಆರಿಸಿಕೊಳ್ಳಿ. ಕುಂಬ್ಳೆ ಮೊದಲೋ ದ್ರಾವಿಡ್ ಮೊದಲೋ ಎಂಬ ಜಗಳವನ್ನು ಧಾರಾಳವಾಗಿ ಆಡಿ. ಹನ್ನೆರಡನೆಯ ಹೆಸರನ್ನು ಮಾತ್ರ ಗುಂಪಿನಲ್ಲಿರುವ ಅತ್ಯಂತ ಹಿರಿಯರ ಬಾಯಿಂದ ಕೇಳಿ ಬರೆದುಕೊಳ್ಳಿ, ಆ ಆಟಗಾರ ಹೇಗಿದ್ದರೆಂದು ಅವರು ಹೇಳಿ ಮುಗಿಸುವವರೆಗೂ ಕೂತು ಕೇಳಿ.