ಹಡ್ಸನ್ ನದಿಯ ಎರಡು ದಡದ ನ್ಯಾಯ

ವಾರದ ಕಂತಾದರೆ 7 ದಿನ, ತಿಂಗಳ ಕಂತಾದರೆ 10 ದಿನ, ಉಳಿದದ್ದಕ್ಕೆಲ್ಲ 31 ದಿನ. ಕ್ಲೇಮ್ ಇದೆ ಎಂದು ಕಂಪನಿಗೆ ತಿಳಿಸಲು 20 ದಿನ, ಕಂಪನಿ ಫಾರಂ ಕಳಿಸಲು 15, ನಷ್ಟದ ಪುರಾವೆ ಒಪ್ಪಿಸಲು 90. ಅಮೆರಿಕದಲ್ಲಿ ಹೆಲ್ತ್ ಇನ್ಶೂರೆನ್ಸ್ ಏಜೆಂಟ್ ಆಗಲು ಹೊರಟವರು ಮಗ್ಗಿಯ ಹಾಗೆ ಬಾಯಿಪಾಠ ಮಾಡುವ ಅಂಕಿಗಳಿವು. ಕಂತು ಕಟ್ಟುವ ಗಡುವು ಮೀರಿದ ಮೇಲೂ ಪಾಲಿಸಿ ಎಷ್ಟು ದಿನ ಉಸಿರಾಡುತ್ತದೆ ಎಂಬ ಮೊದಲ ಸಾಲಿನ ಲೆಕ್ಕವನ್ನು ತಪ್ಪು ಬರೆದು ಒಂದು ಅಂಕ ಕಳೆದುಕೊಂಡವರು ಪ್ರತಿ ಪರೀಕ್ಷಾ ಕೇಂದ್ರದಲ್ಲೂ ಸಿಗುತ್ತಾರೆ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಒಬ್ಬ ಕನ್ನಡತಿಯನ್ನು ಕಲ್ಪಿಸಿಕೊಳ್ಳೋಣ. 2015ರ ಮೇ ತಿಂಗಳಿಂದ, ಗ್ರೀನ್ ಕಾರ್ಡ್ ಸರದಿಯಲ್ಲಿ ಸಾಕಷ್ಟು ಮುಂದೆ ಬಂದಿರುವ ಎಚ್-1ಬಿ ವೀಸಾದ ನೌಕರರ ಗಂಡ ಅಥವಾ ಹೆಂಡತಿಗೆ ಕೆಲಸ ಮಾಡುವ ಅನುಮತಿ ಸಿಗತೊಡಗಿತು. ಮಕ್ಕಳು ಶಾಲೆಯಿಂದ ಬರುವ ವೇಳೆಗೆ ಮನೆಯಲ್ಲಿರಬೇಕು, ನಾಲ್ಕು ಜನರ ಪರಿಚಯವಿದೆ, ಮಾತು ಬರುತ್ತದೆ. ಅಂಥವರಿಗೆ ಇನ್ಶೂರೆನ್ಸ್ ಏಜೆನ್ಸಿ ಹೊಂದುವ ಕಸುಬು. ನ್ಯೂಜೆರ್ಸಿಯಲ್ಲಿ ಹೆಲ್ತ್ ವಿಭಾಗಕ್ಕೆ 20 ಗಂಟೆ ಪಾಠ ಕೇಳಬೇಕು, ಪರೀಕ್ಷೆಯಲ್ಲಿ 70 ಅಂಕ ಬರಬೇಕು, ಬೆರಳಚ್ಚು ಕೊಡಬೇಕು. ಪರೀಕ್ಷೆಗೆ ಎರಡು ಭಾಗ. ಒಂದು ಸಾಮಾನ್ಯ ತತ್ವಗಳದ್ದು, ಇನ್ನೊಂದು ಆ ರಾಜ್ಯದ ಕಾನೂನಿನದ್ದು.

ರಾಜ್ಯಕ್ಕೊಂದು ಪರೀಕ್ಷೆ ಯಾಕೆ ಎಂಬುದಕ್ಕೂ ಒಂದು ಕಥೆಯಿದೆ. ವಿಮೆ ಎಂಬುದು ರಾಜ್ಯಗಳ ನಡುವಿನ ವ್ಯಾಪಾರವೇ ಅಲ್ಲ ಎಂದು 1869ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. 1944ರಲ್ಲಿ ಅದೇ ಕೋರ್ಟ್ ಮಾತು ಬದಲಿಸಿತು. ಮರುವರ್ಷವೇ ಸಂಸತ್ತು ಮೆಕ್ಯಾರನ್-ಫರ್ಗ್ಯೂಸನ್ ಕಾಯ್ದೆ ಮಾಡಿ ವಿಮೆಯ ಉಸ್ತುವಾರಿಯನ್ನು ಮತ್ತೆ ರಾಜ್ಯಗಳ ಕೈಗೇ ಕೊಟ್ಟಿತು. ಅಧಿಕಾರ ಹಂಚಿಕೆಯ ಜಗಳ ಅದು, ಅಷ್ಟೇ. ಆದರೆ ಅದರಿಂದ ಯಾರೂ ಎಣಿಸದ ಒಂದು ಪರಿಣಾಮವಾಯಿತು: ರೋಗಿಯ ಭಾರ ಯಾರು ಹೊರಬೇಕು ಎಂಬ ಪ್ರಶ್ನೆಗೆ ನದಿ ದಾಟಿದರೆ ಬೇರೆ ಉತ್ತರ.

ಹಡ್ಸನ್ ನದಿಯ ಆಚೆ ನ್ಯೂಯಾರ್ಕ್. ಅಲ್ಲಿ ತಮ್ಮ ಕೈಯಿಂದಲೇ ಆರೋಗ್ಯ ವಿಮೆ ಕೊಳ್ಳುವ 25ರ ತರುಣನಿಗೂ 60ರ ಹಿರಿಯರಿಗೂ ಒಂದೇ ಪಾಲಿಸಿಗೆ ಒಂದೇ ಬೆಲೆ. 1993ರಿಂದ ನಡೆದುಬಂದ ನಿಯಮವಿದು. ಈಚೆ ನ್ಯೂಜೆರ್ಸಿ. ಇಲ್ಲಿ ವಯಸ್ಸು ಲೆಕ್ಕಕ್ಕೆ ಬರುತ್ತದೆ. 2010ರ ಒಬಾಮಾ ಕಾಯ್ದೆಯ ಪ್ರಕಾರ ಅತಿ ಹಿರಿಯ ವಯಸ್ಕರಿಂದ ಅತಿ ಕಿರಿಯ ವಯಸ್ಕರ ಮೂರು ಪಟ್ಟಿನ ತನಕ ವಸೂಲು ಮಾಡಬಹುದು. ಜೆರ್ಸಿ ಸಿಟಿಯಿಂದ ಮ್ಯಾನ್‌ಹ್ಯಾಟನ್ ಕಣ್ಣಿಗೇ ಕಾಣುತ್ತದೆ, ರೈಲಿನಲ್ಲಿ ಕೆಲವೇ ನಿಮಿಷ. ಅಷ್ಟರಲ್ಲಿ ಮುಪ್ಪು ಎಂಬುದು ಎಲ್ಲರೂ ಸೇರಿ ಹೊರುವ ಭಾರವಾಗಿದ್ದದ್ದು ಅವರವರ ಭಾರವಾಗಿಬಿಡುತ್ತದೆ. ಪಶ್ಚಿಮಕ್ಕೆ ಹೋಗಿ ಡೆಲಾವೇರ್ ನದಿ ದಾಟಿದರೆ ಪೆನ್ಸಿಲ್ವೇನಿಯ. ಅಲ್ಲಿ ತಂಬಾಕು ಸೇವಿಸುವವರಿಂದ ಒಂದೂವರೆ ಪಟ್ಟಿನವರೆಗೆ ಕೇಳಬಹುದು. ನ್ಯೂಯಾರ್ಕ್, ನ್ಯೂಜೆರ್ಸಿ ಎರಡರಲ್ಲೂ ಅದಕ್ಕೆ ಅವಕಾಶವಿಲ್ಲ. ಇನ್ನೂ ತಮಾಷೆಯೆಂದರೆ, ನ್ಯೂಜೆರ್ಸಿಯಲ್ಲಿ ಪಾಸಾದ ಏಜೆಂಟ್ ಹೊರರಾಜ್ಯದ ಲೈಸೆನ್ಸ್ ಪಡೆದು ನ್ಯೂಯಾರ್ಕಿನಲ್ಲೂ ಪಾಲಿಸಿ ಮಾರಬಹುದು. ಅದಕ್ಕೆ ಇನ್ನೊಂದು ಪರೀಕ್ಷೆ ಬೇಕಿಲ್ಲ. ಎರಡು ನ್ಯಾಯಗಳು ಒಂದೇ ಬ್ಯಾಗಿನಲ್ಲಿ ಓಡಾಡುತ್ತವೆ.

ಪಠ್ಯಪುಸ್ತಕಕ್ಕೆ ಇದರಿಂದ ಕಸಿವಿಸಿಯೇನೂ ಇಲ್ಲ. ಮೊದಲ ಅಧ್ಯಾಯಗಳಲ್ಲಿ ಅದು ಹೇಳಿಕೊಡುವುದು ಹಳೆಯ ಕಸುಬುದಾರನ ವಿವೇಕ. ಯಾರ ಅಪಾಯ ಎಷ್ಟೋ ಅವರ ಕಂತು ಅಷ್ಟು. ಕಾಯಿಲೆಯವರೇ ಹುಡುಕಿಕೊಂಡು ಬಂದು ಪಾಲಿಸಿ ಮಾಡಿಸಿಕೊಳ್ಳುತ್ತಾರೆ, ಜೋಕೆ. ಸುಳ್ಳು ಹೇಳಿ ದುಡ್ಡು ಎತ್ತುವವನದು ಮಾರಲ್ ಹಜಾರ್ಡ್, ಹೇಗೂ ವಿಮೆ ಇದೆಯಲ್ಲ ಎಂದು ಉಡಾಫೆ ಮಾಡುವವನದು ಮೊರೇಲ್ ಹಜಾರ್ಡ್. ಇವೆರಡನ್ನು ಅಕ್ಕಪಕ್ಕ ಇಟ್ಟು ಅಭ್ಯರ್ಥಿಯನ್ನು ಬೀಳಿಸುವುದು ಪ್ರಶ್ನೆಪತ್ರಿಕೆಯ ಹಳೇ ಚಾಳಿ. ಇದೆಲ್ಲ ಓದಿ ನೂರಿನ್ನೂರು ಪುಟ ಮುಂದೆ ಹೋದರೆ ಒಬಾಮಾ ಕಾಯ್ದೆಯ ಅಧ್ಯಾಯ. ಅಲ್ಲಿ ಎಲ್ಲ ತಲೆಕೆಳಗು. 2014ರಿಂದ ಯಾವ ಕಂಪನಿಯೂ ಸಕ್ಕರೆ ಕಾಯಿಲೆಯಿದೆ, ಕ್ಯಾನ್ಸರ್ ಬಂದಿತ್ತು ಎಂದು ವೈಯಕ್ತಿಕ ಪಾಲಿಸಿ ನಿರಾಕರಿಸುವಂತಿಲ್ಲ, ಆ ಕಾರಣಕ್ಕೆ ಹೆಚ್ಚು ಕೇಳುವಂತೆಯೂ ಇಲ್ಲ. ವಯಸ್ಸು, ಊರು, ಕುಟುಂಬದಲ್ಲಿ ಎಷ್ಟು ಜನ, ತಂಬಾಕು: ಬೆಲೆ ಕಟ್ಟಲು ಇಷ್ಟೇ ಆಧಾರ.

ಒಂದೇ ಪುಸ್ತಕ, ಎರಡು ಧರ್ಮಶಾಸ್ತ್ರ. ಅಭ್ಯರ್ಥಿ ಎರಡನ್ನೂ ಒಪ್ಪಿಕೊಂಡು ಸರಿಯುತ್ತರಕ್ಕೆ ಗುರುತು ಹಾಕಬೇಕು.

ವಿಚಾರ ಮಾಡಿ ನೋಡಿದರೆ, ಬಿಟ್ಟವುಗಳಿಗಿಂತ ಉಳಿಸಿಕೊಂಡ ಆಧಾರಗಳೇ ಹೆಚ್ಚು ಮಾತಾಡುತ್ತವೆ. ತಂಬಾಕು ಏಕೆ ಉಳಿಯಿತು? ಅದು ಮನುಷ್ಯ ಕೈಯಾರೆ ಮಾಡಿಕೊಂಡದ್ದು ಎಂಬ ನಂಬಿಕೆಯಿಂದ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪಾಠ ಮಾಡಿದ ತತ್ವಜ್ಞಾನಿ ರೊನಾಲ್ಡ್ ಡ್ವಾರ್ಕಿನ್ 1981ರ ತಮ್ಮ ಪ್ರಬಂಧಗಳಲ್ಲಿ ಅದೃಷ್ಟವನ್ನು ಎರಡಾಗಿ ಸೀಳಿದರು. ಗೊತ್ತಿದ್ದೂ ಇಳಿದ ಪಂದ್ಯದ ಸೋಲು ಗೆಲುವು ಒಂದು ಬಗೆ, ಕೇಳದೆ ತಲೆಯ ಮೇಲೆ ಬಿದ್ದದ್ದು ಇನ್ನೊಂದು ಬಗೆ. ಮೊದಲನೆಯದಕ್ಕೆ ಸಮಾಜ ಹೊಣೆಯಲ್ಲ, ಎರಡನೆಯದಕ್ಕೆ ಹೊಣೆ. ಎರಡಕ್ಕೂ ಸೇತುವೆಯಾಗಿ ಅವರು ಕಂಡದ್ದು ವಿಮೆಯನ್ನೇ. ತಾವು ಕುರುಡರಾಗುತ್ತೇವೋ ಇಲ್ಲವೋ ತಿಳಿಯದ ಜನ, ಎಲ್ಲರಿಗೂ ಅಷ್ಟೇ ಹಣ ಅಷ್ಟೇ ಅಪಾಯ ಇರುವಾಗ, ಕುರುಡುತನದ ಎದುರು ಎಷ್ಟು ವಿಮೆ ಕೊಳ್ಳುತ್ತಿದ್ದರೋ ಅಷ್ಟನ್ನು ಕುರುಡರಿಗೆ ಕೊಡುವುದು ನ್ಯಾಯ ಎಂಬುದು ಅವರ ವಾದ. ಓದಲು ಸೊಗಸಾಗಿದೆ. ಆದರೆ ಬೀಡಿ ಕಟ್ಟುವವರ ಮನೆಯಲ್ಲಿ ಹುಟ್ಟಿ ಹತ್ತನೇ ವಯಸ್ಸಿಗೆ ಬೀಡಿ ಹಚ್ಚಿದವನ ದುರದೃಷ್ಟವನ್ನು ಎಲ್ಲಿ ಸೀಳುವುದು? ಮುಪ್ಪಂತೂ ಯಾರೂ ಆಡಲಿಳಿದ ಪಂದ್ಯವಲ್ಲ. ಹಾಗಿದ್ದೂ ನ್ಯೂಜೆರ್ಸಿಯಲ್ಲಿ ದಂಡ ಬೀಳುವುದು ತಂಬಾಕಿಗಲ್ಲ, ಮುಪ್ಪಿಗೆ.

ಕನ್ನಡತಿಗೆ ಇಲ್ಲಿ ಪುಸ್ತಕದಲ್ಲಿಲ್ಲದ ಮೂರನೇ ಉತ್ತರವೊಂದು ಮನೆಯಿಂದಲೇ ಬಂದಿರುತ್ತದೆ. ಮಾಡಿದ್ದುಣ್ಣೋ ಮಹಾರಾಯ. ಕಾಯಿಲೆ ಅವರವರ ಕರ್ಮ, ಉಂಡೇ ತೀರಬೇಕು, ಕಂತು ಕಟ್ಟಿ ಹಂಚಿಕೊಳ್ಳಲಾಗದು. ವಿಮಾ ಕಂಪನಿಯ ಹಳೆಯ ಅಧ್ಯಾಯಕ್ಕೂ ಈ ಮಾತಿಗೂ ಎಷ್ಟು ಹತ್ತಿರದ ನೆಂಟಸ್ತಿಕೆ ನೋಡಿ. ಆದರೆ ನಮ್ಮ ವೈದ್ಯರು ಇಷ್ಟಕ್ಕೇ ಕೈತೊಳೆದುಕೊಂಡವರಲ್ಲ. ಚರಕ ಸಂಹಿತೆಯ ವಿಮಾನಸ್ಥಾನದ 3ನೇ ಅಧ್ಯಾಯದಲ್ಲಿ ಅಗ್ನಿವೇಶ ಗುರು ಆತ್ರೇಯರನ್ನು ಕೇಳುವ ಪ್ರಶ್ನೆ, ಅಪಾಯ ಅಳೆದು ಕಂತು ನಿಗದಿ ಮಾಡುವ ಇಂದಿನ ಅಂಡರ್‌ರೈಟರಿಗೂ ಸಲ್ಲುತ್ತದೆ: ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆಯಾದ ಜನರನ್ನು ಒಂದೇ ರೋಗ ಒಂದೇ ಹೊತ್ತಿಗೆ ನಾಶ ಮಾಡುವುದು ಹೇಗೆ? ಆತ್ರೇಯರ ಉತ್ತರ, ಬೇರೆಯಾದದ್ದು ಎಷ್ಟೇ ಇರಲಿ, ಗಾಳಿ, ನೀರು, ನೆಲ, ಕಾಲ ಇವು ಎಲ್ಲರಿಗೂ ಒಂದೇ. ಅವು ಕೆಟ್ಟದ್ದಕ್ಕೆ ಮೂಲ ಅಧರ್ಮ, ಅದರಲ್ಲೂ ಆಳುವವರ ಅಧರ್ಮ. ಅದೇ ಅಧ್ಯಾಯ ಮುಂದೆ ಆಯುಸ್ಸಿನ ಚರ್ಚೆಗೆ ತಿರುಗಿ, ದೈವವೂ ಬೇಕು ಪುರುಷಪ್ರಯತ್ನವೂ ಬೇಕು, ಎಲ್ಲವೂ ಮೊದಲೇ ಬರೆದಿಟ್ಟದ್ದಾದರೆ ಔಷಧಕ್ಕೆ ಕೆಲಸವೇನು ಎಂಬ ದಾರಿ ಹಿಡಿಯುತ್ತದೆ. ಕರ್ಮವನ್ನು ಬಿಡದೆಯೇ ಸಮುದಾಯದ ಪಾಲನ್ನೂ ಒಪ್ಪಿಕೊಂಡ ನಿಲುವು ಇದು. ಗೀತೆಯ 9ನೇ ಅಧ್ಯಾಯದಲ್ಲಿ ಕೃಷ್ಣ ಭಕ್ತರಿಗೆ ಕೊಡುವ ಯೋಗಕ್ಷೇಮದ ಭರವಸೆಯನ್ನು 1956ರಲ್ಲಿ ಹುಟ್ಟಿದ ಜೀವ ವಿಮಾ ನಿಗಮ ತನ್ನ ಲಾಂಛನಕ್ಕೆ ಏರಿಸಿಕೊಂಡದ್ದಂತೂ ಎಲ್ಲರೂ ಕಂಡದ್ದೇ. ದೇವರು ಹೊತ್ತ ಹೊರೆಯನ್ನು ಸರ್ಕಾರಿ ನಿಗಮಕ್ಕೆ ವರ್ಗಾಯಿಸಿದರೂ ಯಾವ ಆಸ್ತಿಕರೂ ಸಿಟ್ಟಾಗಲಿಲ್ಲ.

ಸಿಟ್ಟಾದವರು ಇದ್ದದ್ದು ಪೆನ್ಸಿಲ್ವೇನಿಯದಲ್ಲಿ. ಆಮಿಷ್ ಎಂಬ ಕ್ರೈಸ್ತ ಪಂಗಡದವರಿಗೆ ವಿಮೆಯೆಂದರೆ ದೇವರ ಮೇಲಿನ ಅವಿಶ್ವಾಸ, ನೆರೆಯವರ ಮೇಲಿನ ಅವಿಶ್ವಾಸ ಕೂಡ. ಮನೆ ಸುಟ್ಟರೆ ಊರೇ ಬಂದು ಕಟ್ಟಿಕೊಡುವಾಗ ಕಂಪನಿ ಯಾಕೆ? ಮುಪ್ಪಿನ ಪಿಂಚಣಿಗೆಂದು ಕಟ್ಟುವ ಸೋಶಿಯಲ್ ಸೆಕ್ಯುರಿಟಿ ತೆರಿಗೆಯೂ ವಿಮೆಯೇ ಎಂದು ಅವರು ಕಟ್ಟಲೊಪ್ಪಲಿಲ್ಲ. 1961ರ ವಸಂತದಲ್ಲಿ ವ್ಯಾಲೆಂಟೈನ್ ಬೈಲರ್ ಎಂಬ ರೈತನ ಹೊಲದಿಂದ ತೆರಿಗೆ ಇಲಾಖೆ ಮೂರು ಕುದುರೆಗಳನ್ನು ಹಿಡಿದುಕೊಂಡು ಹೋಯಿತು, ಅದೂ ಉಳುಮೆಯ ಹೊತ್ತಿನಲ್ಲಿ. ದೇಶವೆಲ್ಲ ಛೀ ಎಂದಿತು. 1965ರಲ್ಲಿ ಹಿರಿಯರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ತಂದ ಕಾನೂನಿನಲ್ಲೇ ಸ್ವಂತ ದುಡಿಮೆಯ ಆಮಿಷರಿಗೆ ವಿನಾಯಿತಿ ಸಿಕ್ಕಿತು. ಸುಪ್ರೀಂ ಕೋರ್ಟ್ 1982ರಲ್ಲಿ, ಆಳು ಇಟ್ಟುಕೊಂಡ ಆಮಿಷ್ ಯಜಮಾನನಿಗೆ ಈ ವಿನಾಯಿತಿ ಇಲ್ಲ ಎಂದು ಗೆರೆ ಎಳೆಯಿತು.

ವಿಮೆ ಕೊಳ್ಳದವರಿಗೆ ದಂಡ ಹಾಕಿದ ಒಬಾಮಾ ಕಾಯ್ದೆಯೂ ಆಮಿಷರನ್ನು ಬಿಟ್ಟಿತು. ಜೊತೆಗೆ ಇನ್ನೊಂದು ಗುಂಪನ್ನೂ ಬಿಟ್ಟಿತು: ಒಬ್ಬರ ಆಸ್ಪತ್ರೆ ಬಿಲ್ಲನ್ನು ಎಲ್ಲರೂ ಸೇರಿ ಹಂಚಿಕೊಳ್ಳುವ, 1999ರ ಡಿಸೆಂಬರ್ 31ರಿಂದಲೂ ಎಡೆಬಿಡದೆ ಇರುವ ಧಾರ್ಮಿಕ ಸಂಘಗಳು. ಇವು ವಿಮೆಯಲ್ಲ, ಬಿಲ್ ತೀರಿಸುವ ಖಾತ್ರಿಯಿಲ್ಲ. ಇವು ಆಧಾರವಾಗಿ ಹಿಡಿಯುವುದು ಬೈಬಲಿನಲ್ಲಿ ಪೌಲನು ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯ. ಅಲ್ಲಿ 2ನೇ ವಚನ ಒಬ್ಬರ ಭಾರವನ್ನು ಇನ್ನೊಬ್ಬರು ಹೊರಿರಿ ಎನ್ನುವ ಅರ್ಥ ಕೊಡುತ್ತದೆ. ಎರಡು ವಚನ ಬಿಟ್ಟು 5ನೆಯದಕ್ಕೆ ಬಂದರೆ ಪ್ರತಿಯೊಬ್ಬನಿಗೂ ಅವನವನ ಹೊರೆ ಎನ್ನುವ ಅರ್ಥ! ವ್ಯಾಖ್ಯಾನಕಾರರು ಇವೆರಡನ್ನು ಹೊಂದಿಸಲು ಬೇಕಾದಷ್ಟು ಬೆವರು ಹರಿಸಿದ್ದಾರೆ. ಆ ಸಂಘಗಳು ಮಾತ್ರ ನಡೆವಳಿಕೆಯಲ್ಲಿ ಎರಡನ್ನೂ ಪಾಲಿಸುತ್ತಿವೆ. ಬಾಯಲ್ಲಿ 2ನೇ ವಚನ, ನಿಯಮಾವಳಿಯಲ್ಲಿ 5ನೆಯದು. ಸೇರುವ ಮೊದಲೇ ಇದ್ದ ಕಾಯಿಲೆಯ ಖರ್ಚನ್ನು ವರ್ಷಗಟ್ಟಲೆ ಹಂಚಿಕೊಳ್ಳದಿರುವುದು, ತಂಬಾಕು ಬಿಡಬೇಕೆಂಬ ಷರತ್ತು ಹಾಕುವುದು ಅವುಗಳಲ್ಲಿ ಮಾಮೂಲು. ದೇವರ ಹೆಸರೆತ್ತದ ಕಾನೂನು ಸಕಲ ರೋಗಿಗಳನ್ನೂ ಒಳಗೆ ಬಿಟ್ಟುಕೊಂಡಿದೆ, ದೇವರ ಹೆಸರಿನ ಸಂಘ ಬಾಗಿಲಲ್ಲಿ ನಿಂತು ಆರಿಸುತ್ತಿದೆ.

ಹಾಗೆಂದು ಬಾಗಿಲು ತೆರೆದಿಟ್ಟವರ ಪಾಡು ಸುಲಭವಾಗಿರಲಿಲ್ಲ. ನ್ಯೂಯಾರ್ಕ್ 1993ರಲ್ಲಿ ಎಲ್ಲರಿಗೂ ಒಂದೇ ಬೆಲೆ ಮಾಡಿದಾಗ, ಎಲ್ಲರೂ ಕೊಳ್ಳಲೇಬೇಕೆಂಬ ಕಟ್ಟಳೆ ಇರಲಿಲ್ಲ. ಗಟ್ಟಿಮುಟ್ಟಾದ ಹುಡುಗರು ದೂರ ಉಳಿದರು, ಉಳಿದವರ ಕಂತು ಏರಿತು, ಏರಿದಂತೆ ಇನ್ನಷ್ಟು ಜನ ಬಿಟ್ಟರು. ಕೊಳ್ಳದವರಿಗೆ ದಂಡ, ಬಡವರಿಗೆ ಸಬ್ಸಿಡಿ ಇಟ್ಟ ಒಬಾಮಾ ಕಾಯ್ದೆ ಹೊಸಿಲಿಗೆ ಬಂದಾಗ, 2013ರಲ್ಲಿ, ಬರುವ ವರ್ಷದ ಬೆಲೆ ಅರ್ಧಕ್ಕರ್ಧ ಇಳಿಯುತ್ತದೆಂದು ರಾಜ್ಯ ಘೋಷಿಸಿತು. 2019ರಿಂದ ಕೇಂದ್ರದ ದಂಡ ಸೊನ್ನೆಯಾಯಿತು. ನ್ಯೂಜೆರ್ಸಿ ಅದೇ ವರ್ಷ ತನ್ನದೇ ದಂಡ ತಂದಿತು. ಎಲ್ಲರೂ ಹೊರುವ ಭಾರ ಪ್ರೀತಿಯಿಂದಷ್ಟೇ ನಿಲ್ಲದು, ಸ್ವಲ್ಪ ಬಲವಂತವೂ ಬೇಕಾಗುತ್ತದೆ. ಆಮಿಷರೂ ಇದನ್ನು ಬಲ್ಲರು. ಅವರಲ್ಲಿ ಬಲವಂತ ಮಾಡುವುದು ಕಾನೂನಲ್ಲ, ಊರು.

ಎಡಿಸನ್ನಿನ ಏಜೆಂಟಮ್ಮನಿಗೆ ಲೈಸೆನ್ಸ್ ಬಂತೆನ್ನಿ. ಮೊದಲ ಫೋನು ಬರುವುದು ಬಹುಶಃ ಕನ್ನಡ ಕೂಟದ ಗೆಳತಿಯಿಂದ. "ಹಾಸನದಿಂದ ಅಪ್ಪ ಅಮ್ಮ ಬರ್ತಿದಾರೆ ಕಣೇ, ಆರು ತಿಂಗಳಿಗೆ. ಯಾವುದು ಮಾಡಿಸ್ಲಿ?" ಪ್ರವಾಸಿ ವೀಸಾದಲ್ಲಿ ಬರುವವರಿಗೆ ಒಬಾಮಾ ಕಾಯ್ದೆಯ ಮಾರುಕಟ್ಟೆ ತೆರೆದಿಲ್ಲ. ಅವರಿಗಿರುವುದು ವಿಸಿಟರ್ಸ್ ಇನ್ಶೂರೆನ್ಸ್. ಅದರ ಬೆಲೆಪಟ್ಟಿ 60ರಿಂದ 69, 70ರಿಂದ 79 ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕವರೇಜ್ ಅದೇ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಏನೂ ಇಲ್ಲ. ಅಕ್ಯೂಟ್ ಆನ್‌ಸೆಟ್ ಎಂಬ ಒಂದು ಕಿಂಡಿ ಮಾತ್ರ ಇದೆ: ಹಳೇ ಕಾಯಿಲೆಯೇ ಮುನ್ಸೂಚನೆಯಿಲ್ಲದೆ ದಿಢೀರನೆ ಕೆರಳಿ, ಪಾಲಿಸಿ ಹೇಳಿದಷ್ಟೇ ಗಂಟೆಗಳೊಳಗೆ ಆಸ್ಪತ್ರೆ ಸೇರಿದರೆ ಒಂದು ಮಿತಿಯವರೆಗೆ ಕೊಡುತ್ತಾರೆ. ಅಪ್ಪನಿಗೆ ಬಿಪಿ ಇದೆ, ಮಾತ್ರೆ ಶುರುವಾಗಿ ವರ್ಷಗಳೇ ಆದವು. "ಎದೆನೋವು ಬಂದ್ರೆ ಕೊಡ್ತಾರಾ?" ಎಂದು ಗೆಳತಿ ಕೇಳುತ್ತಾಳೆ. ಬಂದ ನೋವು ಹೊಸದೋ ಹಳೆಯ ಬಿಪಿಯ ಮುಂದುವರಿಕೆಯೋ ಎಂದು ತೀರ್ಮಾನಿಸುವುದು ಕಂಪನಿ, ಆಸ್ಪತ್ರೆಯ ದಾಖಲೆ ನೋಡಿ, ಬಿಲ್ ಬಂದ ಮೇಲೆ. ಏಜೆಂಟಮ್ಮ ಅಷ್ಟನ್ನೂ ಬಿಡಿಸಿ ಹೇಳಿ, ಹಾಸನದ ಡಾಕ್ಟರಿಂದ ಮಾತ್ರೆಗಳ ಪಟ್ಟಿ ಬರೆಸಿಕೊಂಡು ತರಲು ಅಪ್ಪನಿಗೆ ತಿಳಿಸು ಎನ್ನುತ್ತಾಳೆ. ಆಮೇಲೆ ಫಾರಂ ತೆರೆದು ಮೊದಲ ಖಾನೆಗೆ ಬರುತ್ತಾಳೆ. ಅಲ್ಲಿ ಕೇಳಿರುವುದು ಹುಟ್ಟಿದ ತಾರೀಖು.