ವೃದ್ಧ ಲಾಬ್‌ಸ್ಟರಿಗೆ ಸಂದ ಕರುಣೆ

2017ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಲಾಂಗ್ ಐಲೆಂಡಿನ ಭೋಜನಶಾಲೆಯೊಂದು, ಸುಮಾರು 20 ವರ್ಷ ತನ್ನ ತೊಟ್ಟಿಯಲ್ಲಿ ಸಾಕಿಕೊಂಡಿದ್ದ ಲೂಯಿ ಎಂಬ 22 ಪೌಂಡು ತೂಕದ ಲಾಬ್‌ಸ್ಟರನ್ನು, ಗಿರಾಕಿಯೊಬ್ಬನು 1,000 ಡಾಲರು ಕೊಡಲು ಮುಂದಾದರೂ ಮಾರದೆ, ಅಟ್ಲಾಂಟಿಕ್ ಸಾಗರಕ್ಕೆ ಮರಳಿ ಬಿಟ್ಟಿತು. ಅದರ ವಯಸ್ಸು 132 ಎಂದು ಹೇಳಲಾಯಿತು. ಈ ಸಂಗತಿಯನ್ನು ಪ್ರಸ್ತಾಪಿಸಿದಾಗಲೆಲ್ಲ ನನ್ನ ವಿಚಾರಶೀಲ ಮಿತ್ರರು ಹೇಳುವುದು ಒಂದೇ ಮಾತು: ಅದೇ ಅಡುಗೆಮನೆಯಲ್ಲಿ ಎಳೆಯ ಲಾಬ್‌ಸ್ಟರುಗಳು ದಿನವೂ ಬೇಯುತ್ತಿರಲು ಇದೊಂದನ್ನು ಉಳಿಸಿದ್ದು ಬರಿಯ ಭಾವವಿಲಾಸ; ಬಿಡುವುದಾದರೆ ಎಲ್ಲವನ್ನೂ ಬಿಡಬೇಕು, ಇಲ್ಲವಾದರೆ ಯಾವುದನ್ನೂ ಬಿಡಬಾರದು. ಈ ಮಾತು ನನ್ನನ್ನು ಕೆರಳಿಸುತ್ತದೆ. ಪೂರ್ಣವಾಗಿ ಆಚರಿಸಲಾಗದ ಧರ್ಮವನ್ನು ಅಂಶತಃ ಆಚರಿಸುವುದೂ ದೋಷವೆಂದಾದರೆ, ಕರುಣೆ ಎಲ್ಲಿಂದ ಆರಂಭವಾಗಬೇಕು?

ಪ್ರಾಣಿಗಳಲ್ಲಿ ಕ್ರೂರನಾದವನು ಮನುಷ್ಯರಲ್ಲಿಯೂ ಕ್ರೂರನಾದಾನೆಂಬ ತತ್ತ್ವಜ್ಞಾನಿ ಕಾಂಟನ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಅದರ ಚಿಂತೆಯೆಲ್ಲ ಮನುಷ್ಯನದೇ. ನಿಜವಾಗಿ ಎದುರಿಸಬೇಕಾದವರು ಪೀಟರ್ ಸಿಂಗರ್. ನೋವುಣ್ಣಬಲ್ಲ ಜೀವಿಗಳ ಮೇರೆಯನ್ನು ಸೀಗಡಿಗೂ ಸಿಂಪಿಗೂ ನಡುವೆ ಎಲ್ಲಿಯೋ ಎಳೆಯಬಹುದೆಂದು ಅವರು 1975ರ ‘ಅನಿಮಲ್ ಲಿಬರೇಶನ್’ ಗ್ರಂಥದಲ್ಲಿ ಸೂಚಿಸಿದರು. ಲಾಬ್‌ಸ್ಟರು ಆ ಮೇರೆಯ ಒಳಗೇ ಇದೆ. ಸಮಾನವಾದ ನೋವಿಗೆ ಸಮಾನವಾದ ಗಮನ ಸಲ್ಲಬೇಕೆಂಬ ಅವರ ತತ್ತ್ವದ ಮುಂದೆ ಶತಾಯುಷಿಗೂ ಆರೇಳು ವರ್ಷದ ಮರಿಗೂ ಭೇದವಿಲ್ಲ.

ನಮ್ಮ ಮನೆಯಲ್ಲಿ ಮುದಿ ಎತ್ತುಗಳನ್ನು ದನದ ಜಾತ್ರೆಯಲ್ಲಿ ಮಾರುವುದು ವಾಡಿಕೆಯಾಗಿದ್ದರೂ, ಒಂದನ್ನು ಮಾತ್ರ ಅಜ್ಜ ಮಾರಗೊಡಲಿಲ್ಲ. ನೊಗಕ್ಕೆ ಹೆಗಲು ಕೊಡಲಾರದಂತಾದ ಮೇಲೂ ಅದು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಹುಲ್ಲು ತಿಂದು, ಅಲ್ಲಿಯೇ ಸತ್ತಿತು. ಮಾರಿದವುಗಳಿಗೆ ಅನ್ಯಾಯವಾಯಿತೆಂದಮಾತ್ರಕ್ಕೆ ಇದನ್ನು ಉಳಿಸಿದ್ದು ತಪ್ಪಾದೀತೆ? ಆಗದು. ಸಿಂಗರರೂ ತಪ್ಪೆನ್ನಲಾರರು; ಅವರ ತತ್ತ್ವ ಕೇಳುವುದು ಆಯ್ಕೆಯ ಕಾರಣವನ್ನು. ಕೃತಜ್ಞತೆಯೆನ್ನೋಣವೆಂದರೆ ಮಾರಿದ ಎತ್ತುಗಳೂ ಅದೇ ಹೊಲವನ್ನು ಉತ್ತಿದ್ದವು. ಲೂಯಿಯಂತೂ ಯಾರ ಹೊಲವನ್ನೂ ಉತ್ತದ್ದಲ್ಲ.

ಹಾಗಾದರೆ ಅಷ್ಟು ದೀರ್ಘಕಾಲ ಬಾಳಿದ ಜೀವವೆಂಬ ಗೌರವವೇ ಕಾರಣವಿರಬೇಕು. ನಾನು ಬಹುಕಾಲ ನೆಚ್ಚಿಕೊಂಡಿದ್ದ ಉತ್ತರವಿದು. ಆದರೆ ಲಾಬ್‌ಸ್ಟರು ಬೆಳೆದಂತೆಲ್ಲ ಹಳೆಯ ಚಿಪ್ಪನ್ನು ಕಳಚಿ ಹೊಸದನ್ನು ಧರಿಸುವುದರಿಂದ, ಮರದ ಉಂಗುರಗಳಂತೆ ವಯಸ್ಸಿನ ಗುರುತು ಚಿಪ್ಪಿನಲ್ಲಿ ಉಳಿಯುವುದಿಲ್ಲ. 132 ಎಂಬುದು ಗಾತ್ರವನ್ನು ನೋಡಿ ಮಾಡಿದ ಊಹೆ. ನಾವು ಮುಪ್ಪಿಗೆಂದು ಸಲ್ಲಿಸಿದ ಗೌರವ ತೂಕಕ್ಕೆ ಸಂದಿರಬಹುದು. ಅತ್ತ ಮೇಯ್ನ್ ಸಂಸ್ಥಾನದ ಕಾನೂನು, ಬೆನ್ನುಚಿಪ್ಪು 5 ಅಂಗುಲವನ್ನು ಮೀರಿದ ಲಾಬ್‌ಸ್ಟರನ್ನು ಹಿಡಿದವರು ನೀರಿಗೇ ಬಿಡಬೇಕೆಂದು ವಿಧಿಸುತ್ತದೆ. ದೊಡ್ಡವು ಹೆಚ್ಚು ಮೊಟ್ಟೆಯಿಡುತ್ತವೆ, ನಾಳಿನ ಬೋನು ತುಂಬುತ್ತದೆ, ಎಂಬುದು ಅದರ ತರ್ಕ. ಗೌರವದ ಲೇಶವೂ ಇಲ್ಲದ ಈ ಲೆಕ್ಕಾಚಾರ, ಭೋಜನಶಾಲೆಗಳ ಕರುಣೆಗಿಂತ ಹೆಚ್ಚು ಮುದಿ ಜೀವಗಳನ್ನು ಉಳಿಸುತ್ತಿದೆಯೆಂಬುದನ್ನು ನಾನು ಒಪ್ಪಲೇಬೇಕು.

ಉಳಿದದ್ದು ಪರಿಚಯ. ಹೆಸರಿಟ್ಟು ದಿನವೂ ನೋಡಿದ್ದನ್ನು ಕುದಿನೀರಿಗೆ ಹಾಕಲು ಕೈ ಬಾರದೆನ್ನಬಹುದು. ಆದರೆ ಅಜ್ಜ ಮಾರಿದ ಎತ್ತುಗಳಿಗೂ ಹೆಸರಿತ್ತು. ಅವುಗಳ ಮೈಯನ್ನೂ ಅವನೇ ತೊಳೆಯುತ್ತಿದ್ದ. ಮಿತ್ರರ ಮಾತಿನ ಉತ್ತರಾರ್ಧವನ್ನು, ಯಾವುದನ್ನೂ ಬಿಡಬಾರದೆಂಬುದನ್ನು, ನಾನು ಈಗಲೂ ಒಪ್ಪಲಾರೆ. ಎಲ್ಲವನ್ನೂ ಬಿಡಬೇಕೆಂಬ ಪೂರ್ವಾರ್ಧವನ್ನು ನಿರಾಕರಿಸಲು ನನ್ನಲ್ಲಿದ್ದ ಕಾರಣಗಳು ಮಾತ್ರ ಬರೆಯುತ್ತ ಬರೆಯುತ್ತ ಕಡಿಮೆಯಾಗಿವೆ.