ತಪ್ಪಿ ಬಂದ ಬಾಡಿಗೆ ಭತ್ಯೆ

ಕಳೆದ ಭಾನುವಾರ ವಿರೂಪಾಕ್ಷಿಪುರದಲ್ಲಿ ಪಂಚಶೀಲ ಹೇಳಿ ಮುಗಿಸಿ ಎಲ್ಲರೂ ಟೀ ಕುಡಿಯುತ್ತಿದ್ದೆವು. ನಮ್ಮ ಉಪಾಸಿಕೆಯೊಬ್ಬರು ಬ್ಯಾಗಿನಿಂದ ಸಂಬಳದ ಚೀಟಿ ತೆಗೆದು ನನ್ನ ಮುಂದಿಟ್ಟರು. "ಅಣ್ಣ, ಈಗ ತಾನೇ ಎರಡನೇ ಶೀಲ ಹೇಳ್ದೆ. ನಾನು ಅದನ್ನ ಮುರಿದಿದ್ದೀನೋ ಇಲ್ವೋ, ನೀವೇ ನೋಡಿ ಹೇಳಿ" ಅಂದರು.

ಅವರು ಸರ್ಕಾರಿ ಕಚೇರಿಯೊಂದರಲ್ಲಿ ಡಿ ದರ್ಜೆ ನೌಕರರು. ಹದಿನಾಲ್ಕು ತಿಂಗಳ ಹಿಂದೆ ಬೆಂಗಳೂರಿನಿಂದ ನಮ್ಮ ತಾಲ್ಲೂಕಿಗೆ ವರ್ಗವಾಗಿ ಬಂದವರು. ಇರುವುದು ಬಾಡಿಗೆ ಮನೆಯಲ್ಲಿ. ಮನೆ ಬಾಡಿಗೆ ಭತ್ಯೆ ಕೆಲಸ ಮಾಡುವ ಊರಿನ ಮೇಲೆ ನಿಂತಿರುತ್ತದೆ. 2024ರ ಆಗಸ್ಟ್‌ನಿಂದ ಬಂದ ದರದಲ್ಲಿ ಬೆಂಗಳೂರಿಗೆ ಮೂಲ ವೇತನದ ಶೇ. 20, ಚನ್ನಪಟ್ಟಣದಂಥ ಊರುಗಳಿಗೆ ಶೇ. 7.5. ಅಕ್ಕನ ಮೂಲ ವೇತನ ಲೆಕ್ಕಕ್ಕೆ 30,000 ಅಂತ ಇಟ್ಟುಕೊಳ್ಳಿ. ಅಲ್ಲಿ 6,000 ಸಿಗಬೇಕು, ಇಲ್ಲಿ 2,250. ವರ್ಗವಾದಾಗ ಯಾರೋ ದರ ಬದಲಿಸುವುದನ್ನು ಮರೆತಿದ್ದಾರೆ. ತಿಂಗಳಿಗೆ 3,750 ರೂಪಾಯಿ ಹೆಚ್ಚು ಬರುತ್ತಲೇ ಇದೆ. ಹದಿನಾಲ್ಕು ತಿಂಗಳಿಗೆ 52,500.

ಪಕ್ಕದಲ್ಲಿದ್ದ ಹುಡುಗನೊಬ್ಬ ತಕ್ಷಣ ಹೇಳಿದ: "ಕೊಡದೇ ಇರೋದನ್ನ ತಗೋಬಾರದು ಅಂತ ತಾನೇ ಶೀಲ ಇರೋದು? ಇದು ಅವರಾಗಿ ಅವರೇ ಕೊಟ್ಟಿರೋದು. ಕದಿಯೋದು ಎಲ್ಲಿ ಬಂತು?"

ಹುಡುಗ ಚುರುಕು. ಪದವನ್ನು ಸರಿಯಾಗಿಯೇ ಬಿಡಿಸಿದ್ದಾನೆ. ಅ-ದಿನ್ನ-ಆದಾನ, ಅಂದರೆ ಕೊಡದಿದ್ದದ್ದನ್ನು ತೆಗೆದುಕೊಳ್ಳುವುದು. ಹಾಗಾದರೆ ತಪ್ಪಿ ಕೊಟ್ಟದ್ದು ಕೊಟ್ಟದ್ದೋ, ಅಲ್ಲವೋ?

ಈ ಪ್ರಶ್ನೆ ಹೊಸದಲ್ಲ. ವಿನಯ ಪಿಟಕದಲ್ಲಿ ಕಳ್ಳತನದ ನಿಯಮ ಹುಟ್ಟಿದ್ದೇ ಒಂದು ಮನೆಯ ವಿಷಯದಲ್ಲಿ. ರಾಜಗೃಹದ ಬಳಿ ಧನಿಯ ಎಂಬ ಭಿಕ್ಖು ಇದ್ದ, ಕುಂಬಾರರ ಮಗ. ಹುಲ್ಲಿನ ಗುಡಿಸಲು ಕಟ್ಟಿಕೊಂಡಿದ್ದ. ಅವನು ಭಿಕ್ಷೆಗೆ ಹೋದಾಗ ಹುಲ್ಲು, ಸೌದೆ ಆಯುವವರು ಗುಡಿಸಲನ್ನೇ ಕಿತ್ತುಕೊಂಡು ಹೋದರು. ಮತ್ತೆ ಕಟ್ಟಿದ, ಮತ್ತೆ ಕಿತ್ತರು. ಹೀಗೆ ಮೂರು ಸಲ. ಕುಲಕಸುಬಿನ ಕೈಚಳಕದಿಂದ ಪೂರ್ತಿ ಮಣ್ಣಿನ ಮನೆ ಮಾಡಿ ಸುಟ್ಟು ಗಟ್ಟಿ ಮಾಡಿಕೊಂಡ. ಅದನ್ನು ಭಗವಾನರು ಒಡೆಸಿದರು. ಕೊನೆಗೆ ಅವನು ರಾಜನ ಮರದ ಉಗ್ರಾಣಕ್ಕೆ ಹೋಗಿ, "ಈ ಮರ ರಾಜ ನನಗೆ ಕೊಟ್ಟಿದ್ದು" ಅಂದ. ಕಾವಲುಗಾರ ನಂಬಿದ. ಊರಿನ ದುರಸ್ತಿಗೆಂದು ಇಟ್ಟಿದ್ದ ಮರ ಹೋಯಿತು. ವಿಷಯ ಹೊರಬಿದ್ದಾಗ ಕಟ್ಟಿ ಎಳೆದುಕೊಂಡು ಹೋದದ್ದು ಧನಿಯನನ್ನಲ್ಲ, ಕಾವಲುಗಾರನನ್ನು!

ಬಿಂಬಿಸಾರ ಕೇಳಿದ: ನಾನು ಯಾವಾಗ ಕೊಟ್ಟೆ? ಧನಿಯ ನೆನಪಿಸಿದ: ಪಟ್ಟಾಭಿಷೇಕದ ದಿನ ಹುಲ್ಲು, ಕಟ್ಟಿಗೆ, ನೀರು ಶ್ರಮಣರಿಗೆ, ಬ್ರಾಹ್ಮಣರಿಗೆ ಕೊಟ್ಟದ್ದು ಅಂತ ಸಾರಿದಿರಲ್ಲ. ರಾಜ ಹೇಳಿದ: ಹೇಳಿದ್ದು ನಿಜ, ಆದರೆ ಅದು ಕಾಡಿನಲ್ಲಿ ಯಾರಿಗೂ ಸೇರದೆ ಬಿದ್ದಿರುವುದರ ಬಗ್ಗೆ. ಚೀವರ ನೋಡಿ ಅವನನ್ನು ಬಿಟ್ಟು ಕಳಿಸಿದ.

ನನಗೆ ಧನಿಯನ ಮೇಲೆ ಸಿಟ್ಟು ಬರುವುದಿಲ್ಲ. ಮೂರು ಸಲ ಸೂರು ಕಳೆದುಕೊಂಡವನು ಅವನು. ಆದರೆ ರಾಜನ ಮಾತಿನಲ್ಲಿ ನಮ್ಮ ಹುಡುಗನಿಗೆ ಉತ್ತರ ಇದೆ. ಕೊಡುವುದು ಕೈಯಿಂದ ಆಗುವ ಕೆಲಸವಲ್ಲ, ಮನಸ್ಸಿನಿಂದ ಆಗುವ ಕೆಲಸ. ಕೊಡುವವನು ಯಾವುದನ್ನು ಕೊಡಬೇಕೆಂದುಕೊಂಡನೋ ಅಷ್ಟೇ ಕೊಟ್ಟದ್ದು. ಸರ್ಕಾರ ಅಕ್ಕನಿಗೆ ಕೊಡಬೇಕೆಂದದ್ದು ಶೇ. 7.5.

ಹಾಗಾದರೆ 52,500 ಪೂರ್ತಿ ಕಳವೇ? ಅಲ್ಲ. ಪಾಲಿ ಅಟ್ಠಕಥೆಗಳು ಅದಿನ್ನಾದಾನಕ್ಕೆ ಐದು ಅಂಗ ಹೇಳುತ್ತವೆ. ವಸ್ತು ಬೇರೆಯವರದಾಗಿರಬೇಕು, ಬೇರೆಯವರದು ಅಂತ ಗೊತ್ತಿರಬೇಕು, ಕದಿಯುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದ ವಸ್ತು ಕೈಸೇರಬೇಕು. ನಾನು ಕೇಳಿದೆ: "ಅಕ್ಕ, ನಿಮಗೆ ಯಾವಾಗ ಗೊತ್ತಾಯ್ತು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಂಟು ತಿಂಗಳು ಗೊತ್ತಿರ್ಲಿಲ್ಲ ಅಣ್ಣ. ಆಮೇಲೆ ಜೊತೇಲಿ ಕೆಲಸ ಮಾಡೋರ ಚೀಟಿ ನೋಡ್ದೆ. ಮಗಳ ಫೀಸು ಕಟ್ಟೋ ತಿಂಗಳು ಅದು. ಇರ್ಲಿ ಅನ್ನಿಸ್ತು. ಆವತ್ತಿಂದ ನನ್ನ ಚೀಟಿ ಬಿಚ್ಚಿ ನೋಡೋದನ್ನೇ ಬಿಟ್ಟೆ."

ಮೊದಲ ಎಂಟು ತಿಂಗಳ 30,000ದಲ್ಲಿ ಎರಡನೇ ಅಂಗವೇ ಇಲ್ಲ. ಅದು ಬಾಡಿಗೆಗೆ, ಅಕ್ಕಿಗೆ, ಬಸ್ಸಿಗೆ ಕರಗಿ ಹೋಗಿದೆ. ಕಾನೂನು ಕೂಡ ಇದನ್ನು ಬಲ್ಲದು. 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ: ಕಚೇರಿಯ ತಪ್ಪಿನಿಂದ ಹೆಚ್ಚಾಗಿ ಹೋದ ಹಣವನ್ನು ಸಿ ಮತ್ತು ಡಿ ದರ್ಜೆಯ ನೌಕರರಿಂದ, ನಿವೃತ್ತರಿಂದ, ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಮಾಡಬಾರದು. ಕೆಳಗಿನವರ ಸಂಬಳ ಊಟಕ್ಕೇ ಮುಗಿದುಹೋಗುತ್ತದೆ, ಹಿಂದಕ್ಕೆ ಕೇಳುವುದು ಅನ್ಯಾಯ ಅಂತ. ಆದರೆ ಒಂದು ಎಚ್ಚರ. 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ, ಹೆಚ್ಚಾದರೆ ಹಿಂತಿರುಗಿಸುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟ ಅಧಿಕಾರಿಯಿಂದ ವಸೂಲಿ ಮಾಡಬಹುದು ಅಂತ ಅದೇ ಕೋರ್ಟ್ ಹೇಳಿತು. ಸಹಿ ಹಾಕುವ ಮೊದಲು ಕಾಗದ ಓದಿ.

ಉಳಿದ ಆರು ತಿಂಗಳ 22,500 ಬೇರೆ ಜಾತಿಯ ಹಣ. "ನಾನೇನೂ ಮಾಡ್ಲಿಲ್ಲ, ಸುಮ್ನಿದ್ದೆ" ಅಂದರು ಅಕ್ಕ. ಸುಮ್ಮನಿರುವುದು ಪ್ರಯತ್ನವೇ? ಎಟಿಎಂನಲ್ಲಿ ಪಿನ್ ಒತ್ತಿದ್ದು ಯಾರು ಅಂತ ಹುಡುಗನೇ ಕೇಳಿದ. ಪಾಪ, ಅವನಿಗೇ ನಗು ಬರಲಿಲ್ಲ. ಕದಿಯುವ ಮನಸ್ಸು ಇತ್ತೋ ಇಲ್ಲವೋ ಅಂತ ಹೇಳಲು ನಾನು ಯಾರು? ಆದರೆ ಚೀಟಿ ನೋಡುವುದನ್ನು ಬಿಟ್ಟೆ ಅಂದರಲ್ಲ, ಅಲ್ಲಿ ಅವರ ಮನಸ್ಸು ಅವರಿಗೇ ಉತ್ತರ ಹೇಳಿದೆ. ನಮಗೆ ಪಾಪ ಬರೆದಿಡುವ ದೇವರಿಲ್ಲ. ದೇವರ ಜಾಗದಲ್ಲಿ ನೀತಿಯನ್ನು ಇಟ್ಟದ್ದು ಧಮ್ಮ ಅಂತ ಬಾಬಾಸಾಹೇಬರು ತೋರಿಸಿಕೊಟ್ಟಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಕದಿಯುವುದಿಲ್ಲ ಎಂಬುದೂ ಒಂದು. ಚೀಟಿ ಬಿಚ್ಚಿ ನೋಡಬೇಕಾದವರು ನಾವೇ.

ಆಗ ಹಿರಿಯರೊಬ್ಬರು ಬರೋಡದ ಮಾತು ಎತ್ತಿದರು. 1917ರಲ್ಲಿ ಬಾಬಾಸಾಹೇಬರಿಗೆ ಅಲ್ಲಿ ಯಾರೂ ಸೂರು ಕೊಡದೆ, ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿಯಬೇಕಾಯಿತು. "ಅವರೂ ಸುಳ್ಳು ಹೇಳಿದರಲ್ಲ?" ಹೌದು, ಅವರೇ ಅದನ್ನು ಮುಚ್ಚಿಡದೆ ಬರೆದಿದ್ದಾರೆ. ಆದರೆ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿಯಲು ಒಪ್ಪಿದ್ದರು. ಯಾರ ಪಾಲನ್ನೂ ತೆಗೆದುಕೊಳ್ಳಲಿಲ್ಲ. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಅವರ ಪಾಲಿನ ಸೂರನ್ನೇ ಕಿತ್ತುಕೊಂಡರು.

ಈ ಕಿತ್ತುಕೊಳ್ಳುವುದರ ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಹೆಚ್ಚು ಬಂದವರಿಗಿಂತ ಬರಬೇಕಾದದ್ದು ಬಾರದವರೇ ಜಾಸ್ತಿ. 2023ರ ಆಗಸ್ಟ್‌ನಿಂದ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ. 2022-23ರ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿದಷ್ಟು ಯೂನಿಟ್ ಉಚಿತ. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಮನೆ ಬದಲಿಸಿದರೆ ಹಳೇ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿ ಹೊಸದಕ್ಕೆ ಸೇರಿಸಬೇಕು. ಬಿಲ್ ಸೊನ್ನೆ ಬಂದರೂ ಬಾಡಿಗೆದಾರರಿಂದ ತಿಂಗಳಿಗೆ ಕರೆಂಟ್ ಕಾಸು ಅಂತ ವಸೂಲಿ ಮಾಡುವ ಮಾಲೀಕರಿದ್ದಾರೆ. ಐದು ಅಂಗಗಳೂ ಅಲ್ಲಿ ಪೂರ್ತಿ ಕೂಡಿವೆ. ಅವರ ನಿದ್ದೆಯಂತೂ ಕೆಟ್ಟಿಲ್ಲ.

ಅಕ್ಕನ ಭಯ ಹಣದ್ದಲ್ಲ. "ನಮ್ಮೋರು ಅಂದ್ರೆ ಆಫೀಸಲ್ಲಿ ಮೊದಲೇ ಒಂದು ಮಾತು. ಈಗ ಹೋಗಿ ಹೇಳಿದ್ರೆ ಇಷ್ಟು ದಿನ ತಿಂದ್ಯಲ್ಲ ಅಂತಾರೆ." ಅನ್ನಬಹುದು. ಆದರೂ ಹೇಳಿ ಅಂದೆ, ಬಾಯಲ್ಲಲ್ಲ, ಬರಹದಲ್ಲಿ. ಧನಿಯನ ಕಾವಲುಗಾರನ ಹಾಗೆ ನಾಳೆ ಆಡಿಟ್‌ನಲ್ಲಿ ಸಿಕ್ಕಿಬೀಳುವವರು ಸಂಬಳ ಮಾಡುವ ಕೇಸ್ ವರ್ಕರ್, ಅವರನ್ನೂ ನೆನೆಯಿರಿ ಅಂದೆ. ಎಂಟು ತಿಂಗಳದ್ದಕ್ಕೆ ತೀರ್ಪನ್ನು ತಲೆ ಎತ್ತಿ ತೋರಿಸಿ. ಆರು ತಿಂಗಳದ್ದನ್ನು ಕಂತಿನಲ್ಲಿ ಕಟ್ಟುತ್ತೇನೆ ಅಂತ ನೀವೇ ಕೇಳಿ.

ಮಂಗಳವಾರ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಮುಂದಿನ ತಿಂಗಳಿನಿಂದ ಭತ್ಯೆ 2,250. ಈಗಿರುವ ಮನೆಯ ಬಾಡಿಗೆ 5,000, ಅದು ಇನ್ನು ತೂಗುವುದಿಲ್ಲ. ಚನ್ನಪಟ್ಟಣ ಬಸ್ ಸಿಗುವ ಕಡೆ, ಜಾತಿ ಕೇಳದ ಮಾಲೀಕರ ಮನೆ 3,000ದೊಳಗೆ ಯಾರಿಗಾದರೂ ಗೊತ್ತಿದ್ದರೆ ಗುಂಪಿನಲ್ಲಿ ತಿಳಿಸಿ. ತಾಯಿ ಮಗಳು ಇಬ್ಬರೇ.

ನಮೋ ಬುದ್ಧಾಯ. ಜೈ ಭೀಮ್.